ಚಾಕು ಯಾಕೆ ಬೇಗ ಮೊಂಡಾಗುತ್ತೆ? ಕುಪ್ಪೇಲೂರಿನ ಕುಲುಮೆಯಲ್ಲಿ ಸಿಕ್ಕ ಉತ್ತರ

ಹಾವೇರಿ ಜಿಲ್ಲೆಗೆ ಟ್ರಿಪ್ ಅಂದರೆ ಎಲ್ಲರ ಪಟ್ಟಿಯೂ ಹೆಚ್ಚುಕಮ್ಮಿ ಒಂದೇ. ಬಂಕಾಪುರದ ನವಿಲುಧಾಮ, ಗಳಗನಾಥದ ಗುಡಿ, ಕನಕದಾಸರ ಬಾಡ ಮತ್ತು ಕಾಗಿನೆಲೆ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. ಟೈಮ್ ಉಳಿದರೆ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಕೆಂಪು ಮೆಣಸಿನಕಾಯಿ ರಾಶಿ ಮುಂದೆ ಒಂದು ಸೆಲ್ಫಿ, ಜೊತೆಗೆ ನಾಲ್ಕು ಸೀನು.

ಈ ಪಟ್ಟಿಯಲ್ಲಿ ಕುಪ್ಪೇಲೂರು ಇರುವುದಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಈ ಊರಿಗೆ ಹೋಗುವವರು ಅಲ್ಲಿ ನೆಂಟರಿದ್ದಾರೆ ಅಂತ ಹೋಗುತ್ತಾರೆ, ಇಲ್ಲ ಕೆಲಸ ಇದೆ ಅಂತ ಹೋಗುತ್ತಾರೆ. ನನಗೆ ಎರಡೂ ಇತ್ತು. ಅಲ್ಲಿ ಮಾಮಾನ ಮನೆ ಇದೆ. ಈ ಸಲ ಕೆಲಸ ಏನಪ್ಪಾ ಅಂದರೆ, ಅಜ್ಜನ ಮಡಚುವ ಚಾಕುವಿಗೆ ಬಂದ ರೋಗ ಯಾವುದು ಅಂತ ಪತ್ತೆ ಮಾಡುವುದು.

ಬೆಂಗಳೂರಿನಿಂದ ರಾಣೆಬೆನ್ನೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 300 ಕಿ.ಮೀ. ಹುಬ್ಬಳ್ಳಿ ಕಡೆಗೆ ಹೋಗುವ ರೈಲು ಹತ್ತಿದರೆ ದಾವಣಗೆರೆ, ಹರಿಹರ ದಾಟಿದ ಮೇಲೆ ರಾಣೆಬೆನ್ನೂರು. ಅಲ್ಲಿಂದ ಬಸ್ಸು. ದೀಪಾವಳಿ ಆಸುಪಾಸಿನಲ್ಲಿ ಹೋದರೆ ರಸ್ತೆಯ ಅರ್ಧ ಭಾಗ ಗೋವಿನಜೋಳದ್ದು. ಕಾಳು ಒಣಹಾಕಿ ಸುತ್ತ ಕಲ್ಲಿಟ್ಟಿರುತ್ತಾರೆ. ಬಸ್ಸು ಉಳಿದರ್ಧದಲ್ಲಿ ನಿಧಾನಕ್ಕೆ ಹಾಯುತ್ತೆ. ಡ್ರೈವರು ಹಾರ್ನ್ ಹೊಡೆಯುವುದಿಲ್ಲ, ರಾಶಿ ಕಾಯುವ ಅಜ್ಜಿಗೆ ಕೈ ಎತ್ತಿ ನಮಸ್ಕಾರ ಹೊಡೆಯುತ್ತಾನೆ.

ಎರಡು ದಿನದ ಹರಿತ

ಅಜ್ಜನ ಚಾಕು ಏನೂ ಭಾರಿ ವಸ್ತುವಲ್ಲ. ಮೂರು ಇಂಚಿನ ಅಲಗು, ಕಟ್ಟಿಗೆ ಹಿಡಿಕೆ, ಹಿತ್ತಾಳೆಯ ಎರಡು ಮೊಳೆ. ಕಂಪನಿ ಹೆಸರು ಯಾವ ಕಾಲದಲ್ಲೋ ಸವೆದು ಹೋಗಿದೆ. ಅಲಗಿನ ಮೈ ಕಪ್ಪಗಾಗಿದೆ. ಸ್ಟೇನ್‌ಲೆಸ್ ಅಲ್ಲ, ಹಳೆಯ ಕಾಲದ ಕಾರ್ಬನ್ ಉಕ್ಕು ಅನ್ನುವುದಕ್ಕೆ ಆ ಕಪ್ಪೇ ಸಾಕ್ಷಿ. ಅಜ್ಜ ಅದರಲ್ಲಿ ಅಡಿಕೆ ಕೆರೆದಿದ್ದು, ಹಗ್ಗ ಕೊಯ್ದಿದ್ದು, ನನಗೆ ಪೇರಲ ಹಣ್ಣು ಹೋಳು ಮಾಡಿ ಕೊಟ್ಟಿದ್ದು ಎಲ್ಲಾ ಅದೇ ಚಾಕುವಿನಲ್ಲಿ. ಅವರು ಹೋದ ಮೇಲೆ ಅದು ಮಾಮಾನ ಕಿಸೆಗೆ ಬಂತು.

ಹೋದ ವರ್ಷ ಯಾವುದೋ ಪೇಟೆಯಲ್ಲಿ ಮೋಟಾರ್ ಸಾಣೆಗೆ ಅದನ್ನು ಹಿಡಿಸಿಕೊಂಡು ಬಂದಿದ್ದರು. ಬಂದ ದಿನ ಅಲಗು ಕನ್ನಡಿ ಹಾಗೆ ಹೊಳೆಯುತ್ತಿತ್ತಂತೆ, ಕೂದಲು ಕೊಯ್ಯುವಷ್ಟು ಹರಿತ ಇತ್ತಂತೆ. ಎರಡು ದಿನಕ್ಕೆ ಮೊಂಡು. ಮನೆಯ ಕಲ್ಲಿಗೆ ಮಸೆದರೆ ಮತ್ತೆ ಹರಿತ, ಮತ್ತೆ ಎರಡು ದಿನ. ನಾನು ಹೋಗುವ ಹೊತ್ತಿಗೆ ಮಾಮಾನ ತಾಳ್ಮೆ ಮುಗಿದಿತ್ತು.

“ಇದರ ಹದಾನ ಹೋಗೇತಿ ತಂಗಿ. ಇನ್ನ ಗುಜರಿಗೆ ಹಾಕೋದಷ್ಟ.”

ಅಡುಗೆಮನೆಯಿಂದ ಅತ್ತಿ ದನಿ ಸೇರಿಸಿದರು: “ಟೊಮೆಟೊ ಕೊಯ್ಯಾಕ ಹೋದ್ರ ರಸಾ ಬರತೈತಿ, ಹೋಳ ಬರೂದಿಲ್ಲ. ಅದು ಚಾಕು ಅಲ್ಲ, ಚಮಚಾ.”

ಇತ್ತ ಬೆಂಗಳೂರಿನಿಂದ ಅವ್ವನ ಫೋನು. “ಅಪ್ಪನ ಚಾಕು ಗುಜರಿಗೆ ಹಾಕಬ್ಯಾಡ್ರಿ. ನನಗ ಕಳಸ್ರಿ, ನಾ ಇಟ್ಕೋತೇನಿ.” ಅದಕ್ಕೆ ಮಾಮಾ, “ಕಪಾಟಿನ್ಯಾಗ ಇಡಾಕ ಆದ್ರ ಒಯ್ಯಿ. ಕೊಯ್ಯಾಕ ಬರೂದಿಲ್ಲ” ಅಂದರು. ಅಣ್ಣ ತಂಗಿ ಇಬ್ಬರ ದನಿಯೂ ಸ್ವಲ್ಪ ಏರಿತ್ತು. ಅಜ್ಜನ ಹೊಲ, ಮನೆ ಎಲ್ಲ ಜಗಳವಿಲ್ಲದೆ ಹಂಚಿಕೊಂಡವರು ಈ ಮೂರಿಂಚಿನ ಅಲಗಿಗೆ ಬಂದು ನಿಂತಿದ್ದರು. ನಾನು ಚಾಕು ಕಿಸೆಗೆ ಹಾಕಿಕೊಂಡು ಕಂಬಾರ ಕಾಕಾನ ಕುಲುಮೆ ಕಡೆ ಹೊರಟೆ.

ಮೊದಲು ಬೆಳಕು, ಆಮೇಲೆ ಪ್ರಶ್ನೆ

ತಗಡಿನ ಸೂರು, ನೆಲದಲ್ಲಿ ಹೂತ ಅಡಿಗಲ್ಲು, ಪಕ್ಕದಲ್ಲಿ ನೀರಿನ ದೋಣಿ. ಚರ್ಮದ ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ. ಗೋಡೆಗೆ ಆನಿಸಿಟ್ಟ ಕುಂಟೆಯ ಅಲಗು, ಕುಡಗೋಲು, ಕೊಡಲಿ. ಒಂದು ಮೂಲೆಯಲ್ಲಿ ಲಾರಿಯ ಹಳೆಯ ಕಮಾನು ಪಟ್ಟಿಗಳ ರಾಶಿ. ಕಾಕಾನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಗ ಹರಿಹರದಲ್ಲಿ ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತಾನೆ. ಕುಲುಮೆ ಈಗ ವಾರದಲ್ಲಿ ಎರಡೋ ಮೂರೋ ದಿನ ಹೊತ್ತುತ್ತೆ, ಸುಗ್ಗಿಯಲ್ಲಿ ಮಾತ್ರ ದಿನಾ.

ಮೊಂಡು ಚಾಕು ಕೈಗೆ ಕೊಟ್ಟರೆ ತಕ್ಷಣ ಕಲ್ಲಿಗೆ ಹಚ್ಚುತ್ತಾರೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಚಾಕುವನ್ನು ಬಾಗಿಲ ಬೆಳಕಿಗೆ ಹಿಡಿದು, ಬಾಯಿ ಮೇಲೆ ಮಾಡಿ, ನಿಧಾನಕ್ಕೆ ಹಿಂದೆ ಮುಂದೆ ವಾಲಿಸಿದರು. (ಅಲಗಿನ ಕೊಯ್ಯುವ ಅಂಚಿಗೆ ಅಲ್ಲಿ ಬಾಯಿ ಅಂತಲೇ ಅನ್ನುತ್ತಾರೆ.)

“ನಿನ್ನ ಮೊಬೈಲ್ ಬ್ಯಾಟ್ರಿ ಹಾಕು. ಬಾಯಾಗ ಬೆಳ್ಳಗ ಏನರ ಮಿಂಚತೈತೇನ ನೋಡು.”

ಟಾರ್ಚ್ ಬೆಳಕಿನಲ್ಲಿ ತುದಿಯ ಕಡೆ ಒಂದು ಸಣ್ಣ ಬೆಳ್ಳಿ ಗೆರೆ ಹೊಳೆಯಿತು. ಹಿಡಿಕೆಯ ಕಡೆ ಏನೂ ಕಾಣಲಿಲ್ಲ. ಇದು ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಮೊದಲ ಟೆಸ್ಟು. ನಿಜವಾದ ಹರಿತದ ಬಾಯಿ ಎಷ್ಟು ತೆಳು ಅಂದರೆ ಬೆಳಕನ್ನು ತಿರುಗಿಸಲು ಅಲ್ಲಿ ಜಾಗವೇ ಇರುವುದಿಲ್ಲ. ನಮ್ಮ ಕೂದಲು ಸುಮಾರು 70 ಮೈಕ್ರಾನ್ ದಪ್ಪ. ಚೆನ್ನಾಗಿ ಮಸೆದ ಅಲಗಿನ ಬಾಯಿ 1 ಮೈಕ್ರಾನಿಗೂ ಕಡಿಮೆ. ಬಾಯಿ ದುಂಡಗಾದರೆ, ಮಡಚಿಕೊಂಡರೆ, ಇಲ್ಲ ಹಲ್ಲು ಬಿದ್ದರೆ ಅಲ್ಲಿ ಬೆಳಕು ಹೊಳೆಯುತ್ತೆ. ಹೊಳೆಯುವ ಜಾಗವೇ ಮೊಂಡು ಜಾಗ.

ಆಮೇಲೆ ಪ್ರಶ್ನೆ ಶುರುವಾಯಿತು. ಮೊದಲಿಗೆ ಹರಿತ ಬರುತ್ತಾ, ಇಲ್ಲವಾ? ಬಂದರೆ ಎಷ್ಟು ಹೊತ್ತು ಇರುತ್ತೆ? ಇಡೀ ಬಾಯಿ ಹೋಗುತ್ತಾ, ಒಂದೇ ಕಡೆ ಹೋಗುತ್ತಾ? ಏನು ಕೊಯ್ದಿರಿ? ಯಾವುದರ ಮೇಲೆ ಇಟ್ಟು ಕೊಯ್ದಿರಿ?

ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತ ಹಾಗಿತ್ತು. ಆದರೆ ಈ ಪ್ರಶ್ನೆಗಳಲ್ಲೇ ಅರ್ಧ ಉತ್ತರ ಇದೆ ಅಂತ ಆಮೇಲೆ ಅರ್ಥವಾಯಿತು.

ಎಷ್ಟು ಮಸೆದರೂ ಹರಿತವೇ ಬರುತ್ತಿಲ್ಲ ಅಂದರೆ, ಕಲ್ಲು ಬಾಯಿಯನ್ನು ಮುಟ್ಟುತ್ತಲೇ ಇಲ್ಲ ಅಂತ ಅರ್ಥ. ನೀವು ಬಾಯಿಯ ಮೇಲಿನ ಹೆಗಲನ್ನಷ್ಟೇ ಉಜ್ಜುತ್ತಿದ್ದೀರಿ.

ಹರಿತ ಬಂದು ಹತ್ತಿಪ್ಪತ್ತು ಹೋಳಿಗೇ ಹೋಯಿತು ಅಂದರೆ ಅದು ಹೆಚ್ಚಾಗಿ ನಿಜವಾದ ಹರಿತ ಅಲ್ಲ. ಮಸೆದಾಗ ಬಾಯಿಯ ತುದಿಗೆ ದಾರದಂಥ ಲೋಹದ ಎಳೆ ಎದ್ದು ನಿಲ್ಲುತ್ತೆ. ಕೊಯ್ಯುವಾಗ ಅದು ಮೊದಲು ಚೆನ್ನಾಗಿ ಕಚ್ಚುತ್ತೆ, ಆಮೇಲೆ ಮಡಚಿಯೋ ಮುರಿದೋ ಹೋಗುತ್ತೆ. ನಾವು ‘ಚಾಕು ಹರಿತ ಹಿಡಿಯಲ್ಲ’ ಅಂತ ಬೈಯುವ ಎಷ್ಟೋ ಚಾಕುಗಳಿಗೆ ಇರುವ ರೋಗ ಇದೇ.

ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೋಗುತ್ತಿದ್ದರೆ ಎರಡು ಅನುಮಾನ. ಆ ಭಾಗ ಪ್ರತಿ ಸಲ ತಟ್ಟೆಗೋ ಕಟ್ಟೆಗೋ ತಾಗುತ್ತಿರಬೇಕು. ಇಲ್ಲ, ಅಲ್ಲಿಯ ಉಕ್ಕೇ ಮೆತ್ತಗಾಗಿರಬೇಕು.

ಇಡೀ ಬಾಯಿ ಸಮನಾಗಿ ಬೇಗ ಹೋದರೆ ಉಕ್ಕು ಮೂಲದಲ್ಲೇ ಮೆತ್ತಗಿದೆ, ಇಲ್ಲವೇ ಮಣ್ಣು ಮರಳು ಹತ್ತಿದ ವಸ್ತು ಕೊಯ್ಯುತ್ತಿದ್ದೀರಿ.

ಅಜ್ಜನ ಚಾಕು ಮೂರನೇ ಗುಂಪಿಗೆ ಸೇರಿತ್ತು. ಹಿಡಿಕೆಯ ಕಡೆ ಚೆನ್ನಾಗಿದೆ, ತುದಿಯ ಕಡೆ ಎರಡೇ ದಿನ.

ಅರ ಹೇಳಿದ ಸತ್ಯ

ಕಾಕಾ ಹಳೆಯ ಸಣ್ಣ ಅರ ತೆಗೆದುಕೊಂಡರು. ಕಬ್ಬಿಣ ಉಜ್ಜುವ ಅದೇ ಅರ. ಹಿಡಿಕೆಯ ಹತ್ತಿರ ಅಲಗಿಗೆ ಹಗುರಾಗಿ ಒಂದೆಳೆತ ಎಳೆದರು. ಗಾಜಿನ ಮೇಲೆ ಉಗುರು ಎಳೆದ ಹಾಗೆ ಜಾರಿತು. ತುದಿಯ ಹತ್ತಿರ ಅಷ್ಟೇ ಹಗುರಾಗಿ ಎಳೆದರು. ‘ಕರ್’ ಅಂತ ಕಚ್ಚಿತು, ಬೆರಳಿಗೆ ಪುಡಿಯೂ ಬಂತು.

“ನೋಡವ್ವಾ, ಇಲ್ಲಿ ಗಟ್ಟಿ ಐತಿ. ಇಲ್ಲಿ ಸುಟ್ಟಾರ.”

ಅರದ ಉಕ್ಕು ತುಂಬಾ ಗಟ್ಟಿ. ಸರಿಯಾಗಿ ಹದ ಮಾಡಿದ ಅಲಗಿನ ಮೇಲೆ ಅದು ಜಾರುತ್ತೆ, ಇಲ್ಲ ಕಷ್ಟಪಟ್ಟು ಕಚ್ಚುತ್ತೆ. ಮೆತ್ತಗಿನ ಉಕ್ಕನ್ನು ಸಲೀಸಾಗಿ ತಿನ್ನುತ್ತೆ. ಲ್ಯಾಬಿನಲ್ಲಿ ಇದನ್ನೇ ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ. ಆನ್‌ಲೈನಿನಲ್ಲಿ ಚಾಕು ಕೊಳ್ಳುವಾಗ 56, 58, 60 ಅಂತೆಲ್ಲಾ ಬರೆದಿರುತ್ತಾರಲ್ಲ, ಅದೇ. ಕುಲುಮೆಯಲ್ಲಿ ಅದರ ಕೆಲಸವನ್ನು ಅರ ಮಾಡುತ್ತೆ.

ಮತ್ತೆ ಬೆಳಕಿಗೆ ಹಿಡಿದಾಗ ತುದಿಯಲ್ಲಿ ಮಸುಕಾದ ನೀಲಿ ಕಲೆ ಕಾಣಿಸಿತು, ನವಿಲಿನ ಕತ್ತಿನ ಬಣ್ಣ. ಮಾಮಾ ಇಷ್ಟು ದಿನ ಅದನ್ನು ಎಣ್ಣೆಯ ಕಲೆ ಅಂದುಕೊಂಡಿದ್ದರು.

ಆ ನೀಲಿ ಬಣ್ಣದ ಹಿಂದಿನ ಲೆಕ್ಕ ಹೀಗಿದೆ. ಅಲಗು ಮಾಡುವಾಗ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕೆಂಪಗೆ ಕಾಯಿಸಿ, ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಆಗ ಅದು ಗಾಜಿನಷ್ಟು ಗಟ್ಟಿಯಾಗುತ್ತೆ, ಗಾಜಿನ ಹಾಗೇ ಒಡೆಯಲೂಬಹುದು. ಆ ಬಿರುಸನ್ನು ಇಳಿಸಲು ಎರಡನೇ ಸಲ ಹಗುರಾಗಿ ಕಾಯಿಸುತ್ತಾರೆ. ಹದ ಕೂರುವುದು ಇಲ್ಲೇ. ಉಜ್ಜಿ ಬೆಳ್ಳಗೆ ಮಾಡಿದ ಕಾರ್ಬನ್ ಉಕ್ಕು 220-230 ಡಿಗ್ರಿ ಹತ್ತಿರ ಒಣಗಿದ ಜೋಳದ ದಂಟಿನ ಬಣ್ಣಕ್ಕೆ ಬರುತ್ತೆ. ಇನ್ನೂ ಕಾಯಿಸಿದರೆ ಬೆಲ್ಲದ ಬಣ್ಣ, ಆಮೇಲೆ ನೇರಳೆ, 300 ಡಿಗ್ರಿ ಹತ್ತಿರ ನೀಲಿ. ಕೊಯ್ಯುವ ಚಾಕುವಿಗೆ ಜೋಳದ ದಂಟಿನ ಬಣ್ಣ ಸಾಕು. ನೀಲಿ ಆಯಿತೆಂದರೆ ಸ್ಪ್ರಿಂಗಿಗೆ ಸರಿ, ಚಾಕುವಿನ ಬಾಯಿಗಲ್ಲ.

ಮೋಟಾರ್ ಸಾಣೆಯ ಚಕ್ರ ನಿಮಿಷಕ್ಕೆ 2,800 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತೆ. ಅಲಗಿನ ಬೆನ್ನು ಕೈಗೆ ಬೆಚ್ಚಗೆ ಅನಿಸುವಾಗಲೇ ತೆಳುವಾದ ಬಾಯಿ 300 ಡಿಗ್ರಿ ದಾಟಿರಬಹುದು. ಅದಕ್ಕೆ ಬೇಕಾಗುವುದು ಕೆಲವೇ ಸೆಕೆಂಡು. ತುದಿ ಅತಿ ತೆಳು, ಅದಕ್ಕೇ ಮೊದಲು ಸುಡುವುದು ತುದಿ. ಸುಟ್ಟ ಮೇಲೆ ನೀರಿಗೆ ಅದ್ದಿದರೆ ತಣ್ಣಗಾಗುತ್ತೆ ಅಷ್ಟೇ, ಹೋದ ಹದ ವಾಪಸ್ ಬರುವುದಿಲ್ಲ. ನೀಲಿ ಕಲೆಯನ್ನು ಪಾಲಿಶ್ ಮಾಡಿ ತೆಗೆಯಬಹುದು, ಮೆತ್ತಗಾಗಿದ್ದು ಮಾತ್ರ ಹಾಗೇ ಉಳಿಯುತ್ತೆ. ಥಳಥಳ ಹೊಳೆಯುವ ಚಾಕು ಎರಡು ದಿನಕ್ಕೆ ಕೈಕೊಡುವುದು ಹೀಗೆ.

ಉಕ್ಕು ನಮ್ಮ ಮಾತು

ಇಂಗ್ಲಿಷಿನಲ್ಲಿ ‘ವೂಟ್ಸ್’ ಅನ್ನುವ ಒಂದು ಹೆಸರಿದೆ. ದಕ್ಷಿಣ ಭಾರತದ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ, ಜಗತ್ತಿಗೆಲ್ಲ ಹೋಗುತ್ತಿದ್ದ ಉಕ್ಕಿನ ಹೆಸರು. ಅದು ನಮ್ಮ ‘ಉಕ್ಕು’ ಅನ್ನುವ ಮಾತೇ ತಿರುಚಿಕೊಂಡು ಬಂದದ್ದು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಮುಂಬಯಿಯಿಂದ ಹೋದ ಅದರ ಗಟ್ಟಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಕೊಟ್ಟರು. ಆಮೇಲೆ ಅದರ ಗುಟ್ಟು ಹುಡುಕಲು ಕೂತವರಲ್ಲಿ ಮೈಕೆಲ್ ಫ್ಯಾರಡೆ ಒಬ್ಬರು. ಹೈಸ್ಕೂಲಿನಲ್ಲಿ ವಿದ್ಯುತ್ ಪಾಠದಲ್ಲಿ ಓದಿದ ಅದೇ ಫ್ಯಾರಡೆ. 1820ರ ಸುಮಾರಿಗೆ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ಚೂರಿ ಮಾಡುವವರ ಜೊತೆ ಸೇರಿ ಅವರು ಉಕ್ಕಿನ ಮೇಲೆ ಪ್ರಯೋಗ ಮಾಡಿದರು. ಫ್ಯಾರಡೆಯ ಅಪ್ಪ ಕಮ್ಮಾರ.

ಈ ಕಥೆ ಹೇಳಿದಾಗ ಕಾಕಾ ತಲೆ ಎತ್ತಿದರು. “ಹೌದಾ? ಮಗಾ ಕುಲುಮಿ ಬಿಟ್ಟಾ ಅನ್ನು.” ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಆದ್ರೂ ಉಕ್ಕು ಬಿಡಲಿಲ್ಲ ನೋಡು” ಅಂದರು.

ಉಕ್ಕಿಗೂ ಸಾದಾ ಕಬ್ಬಿಣಕ್ಕೂ ಇರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಂಗಾಲದ್ದು. ಕಿಟಕಿಯ ಸರಳಿನಂಥ ಕಬ್ಬಿಣದಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಲಾರಿಯ ಕಮಾನು ಪಟ್ಟಿಯಲ್ಲಿ ಸಾಮಾನ್ಯವಾಗಿ ಶೇ 0.5-0.6 ಇರುತ್ತೆ. ಅದಕ್ಕೇ ನಮ್ಮ ಕಡೆಯ ಕುಡಗೋಲು, ಕೊಡಲಿ ಎಲ್ಲಾ ಹಳೆಯ ಲಾರಿಯಿಂದಲೇ ಹುಟ್ಟುವುದು. ಹಳೆಯ ಕಾಲದ ವೂಟ್ಸ್‌ನಲ್ಲಿ ಶೇ 1ರಿಂದ 2ರವರೆಗೂ ಇಂಗಾಲ ಇತ್ತು.

ಸ್ಟೇನ್‌ಲೆಸ್ ಸ್ಟೀಲ್ ಬೇರೆಯೇ ವಂಶ. 1913ರಲ್ಲಿ ಇಂಗ್ಲೆಂಡಿನ ಚಾಕು ಚೂರಿಗಳ ಊರು ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಇದನ್ನು ಮಾಡಿ ತೋರಿಸಿದರು. ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರುವುದರಿಂದ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಅಗ್ಗದ ಸ್ಟೇನ್‌ಲೆಸ್ ಚಾಕುಗಳಲ್ಲಿ ಇಂಗಾಲ ಕಡಿಮೆ, ಹದವೂ ಮೆತ್ತಗೆ. ಕೀಚೈನಿನಲ್ಲಿ ಫ್ರೀ ಬಂದ ಚಾಕು ಹರಿತ ಹಿಡಿಯದಿದ್ದರೆ ನಿಮ್ಮ ಕೈಯ ತಪ್ಪಲ್ಲ. ಅದರ ಹುಟ್ಟೇ ಹಾಗೆ.

ಮತ್ತೆ ಬೆಂಕಿಗೆ ಯಾಕೆ ಹಾಕಲಿಲ್ಲ

ಹದ ಹೋಗಿದ್ದರೆ ಮತ್ತೆ ಕಾಯಿಸಿ ಅದ್ದಿದರೆ ಆಯ್ತಲ್ಲ, ಕುಲುಮೆ ಎದುರಲ್ಲೇ ಇದೆ ಅಂತ ಕೇಳಿದೆ. ಕಾಕಾ ಒಪ್ಪಲಿಲ್ಲ. ಮಡಚುವ ಚಾಕುವಿನ ಮೊಳೆ ಬಿಚ್ಚಬೇಕು. ಹಾಗೇ ಬೆಂಕಿಗೆ ಹಿಡಿದರೆ ಕಟ್ಟಿಗೆ ಹಿಡಿಕೆ ಸುಡುತ್ತೆ, ಬೆನ್ನಿನ ಸ್ಪ್ರಿಂಗ್ ಸತ್ತುಹೋಗುತ್ತೆ. ಇಷ್ಟು ತೆಳುವಾದ ಅಲಗು ನೀರಿಗೆ ಬಿದ್ದಾಗ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಅದಕ್ಕೂ ಮೇಲೆ, ಇದು ಯಾವ ಉಕ್ಕು, ನೀರು ಕೇಳುತ್ತೋ ಎಣ್ಣೆ ಕೇಳುತ್ತೋ ತಿಳಿಯದು.

“ಕುಡಗೋಲಾದ್ರ ಒಡದ್ರ ಇನ್ನೊಂದ ಬಡದು ಕೊಡತೇನಿ. ನಿಮ್ಮಜ್ಜನ ಚಾಕು ಎಲ್ಲಿಂದ ತರ್ಲಿ?”

ಉಳಿದ ದಾರಿ ಒಂದೇ. ಸುಟ್ಟ ಉಕ್ಕು ಬಾಯಿಯ ಅಂಚಿನಲ್ಲಿ ಒಂದೆರಡು ಮಿಲಿಮೀಟರಿನಷ್ಟೇ ಇರುತ್ತೆ. ಅದನ್ನು ಕಲ್ಲಿನ ಮೇಲೆ, ನೀರು ಹಾಕಿ, ಬಿಸಿಯಾಗದ ಹಾಗೆ ಸವೆಸುತ್ತಾ ಹೋಗಬೇಕು, ಗಟ್ಟಿ ಉಕ್ಕು ಸಿಗುವ ತನಕ. ಅಲಗು ಸಣ್ಣದಾಗುತ್ತೆ, ಆದರೆ ಉಳಿಯುತ್ತೆ.

“ನೀನ ಮಸಿ. ನಾ ಕುಂತು ಹೇಳತೇನಿ.”

ಎರಡು ಸಂಜೆ ಹಿಡಿಯಿತು. ಮೊದಲು ಕಲ್ಲಿನ ಒರಟು ಮುಖ, ಆಮೇಲೆ ನುಣುಪು ಮುಖ. ಮೊದಲ ಸಂಜೆಯ ಕೊನೆಗೆ ಭುಜ ಬಿದ್ದುಹೋಗಿತ್ತು, ತುದಿ ಜೋಳದ ಕಾಳಿನಷ್ಟು ಮೋಟಾಗಿತ್ತು. ನಡುನಡುವೆ ಕಾಕಾ ಅರ ಎಳೆದು ನೋಡುತ್ತಿದ್ದರು. ಎರಡನೇ ಸಂಜೆ ತುದಿಯ ಹೆಚ್ಚಿನ ಭಾಗದಲ್ಲಿ ಅರ ಜಾರತೊಡಗಿತು. ಕಟ್ಟಕಡೆಯ ಮೊನೆಯಲ್ಲಿ ಮಾತ್ರ ಇನ್ನೂ ಸ್ವಲ್ಪ ಕಚ್ಚುತ್ತಿತ್ತು. ಅದನ್ನೂ ತೆಗೆದರೆ ಚಾಕುವಿನ ಆಕಾರವೇ ಕೆಡುತ್ತೆ ಅಂತ ಅಲ್ಲಿಗೆ ಬಿಟ್ಟೆವು. ಕೂಲಿ ಎಷ್ಟು ಅಂದರೆ, ಒಂದು ಕುಡಗೋಲು ಬಡಿಯುವ ರೊಕ್ಕ ಕೇಳಿದರು. ಕೊಟ್ಟೆ. ಹಿಂದೆ ಸುಗ್ಗಿಯಲ್ಲಿ ಆಯದ ಕಾಳು ಬರುತ್ತಿತ್ತು, ವರ್ಷಪೂರ್ತಿ ಊರಿನ ಕೆಲಸ ಮಾಡುತ್ತಿದ್ದರು. ಈಗ ರೊಕ್ಕದ ಲೆಕ್ಕ.

ಉಳ್ಳಾಗಡ್ಡಿ ಹೊಲದಲ್ಲಿ ಪರೀಕ್ಷೆ

ಮಾರನೇ ದಿನ ಮಾಮಾನ ಹೊಲದಲ್ಲಿ ಉಳ್ಳಾಗಡ್ಡಿ ಕೊಯ್ಯುವ ಕೆಲಸ. ಕಿತ್ತು ಹಾಕಿದ ಗಡ್ಡೆಗಳ ಸುತ್ತ ಹೆಣ್ಣುಮಕ್ಕಳು ಕೂತು ಒಂದೊಂದನ್ನೇ ಹಿಡಿದು ಸೊಪ್ಪು, ಬೇರು ಕತ್ತರಿಸುತ್ತಾರೆ. ಚೀಲದ ಲೆಕ್ಕದಲ್ಲಿ ಕೂಲಿ. ಅಂದರೆ ಕುಡಗೋಲು ಮೊಂಡಾದಷ್ಟೂ ಸಂಜೆಯ ರೊಕ್ಕ ಕಡಿಮೆ.

ಹಿರಿಯ ಅವ್ವ ಒಬ್ಬರು ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಹರಿತ ಜಾಸ್ತಿಯಾಗಿ ತಾಗಿತಾ ಅಂತ ಕೇಳಿದ್ದಕ್ಕೆ ನಕ್ಕರು. “ಹರಿತ ಇದ್ದದ್ದು ಹೇಳಿದಂಗ ಕೇಳತೈತಿ ಯವ್ವಾ. ಮೊಂಡ ಆದದ್ದ ಬಲಾ ಹಾಕಿದಷ್ಟೂ ಜಾರತೈತಿ, ಜಾರಿ ಕೈಗೆ ಬರತೈತಿ.”

ಅಜ್ಜನ ಚಾಕು ಅವರ ಕೈಗೆ ಕೊಟ್ಟೆ. ಒಂದು ಬುಟ್ಟಿ ಕೊಯ್ದರು. ಕೈಗೆ ಹಗುರ, ಚಲೋ ಐತಿ ಅಂದರು. ಎರಡನೇ ಬುಟ್ಟಿ ನಡುವೆ ನಿಂತು, ಬಾಯಿ ಮೇಲೆ ಹೆಬ್ಬೆರಳು ಅಡ್ಡ ಸವರಿ, ಪಕ್ಕದ ಕಲ್ಲಿಗೆ ಹತ್ತು ಸಲ ಮಸೆದು ಮತ್ತೆ ಶುರು ಮಾಡಿದರು. ನನ್ನ ಮುಖ ಸಣ್ಣದಾಯಿತು. ಇಷ್ಟೆಲ್ಲಾ ಮಾಡಿದ ಮೇಲೂ ಎರಡು ಬುಟ್ಟಿಗೇ ಮಸೆಯಬೇಕಾ?

ಸುತ್ತ ನೋಡಿದರೆ ಎಲ್ಲರೂ ಅದನ್ನೇ ಮಾಡುತ್ತಿದ್ದರು. ನೀರು ಕುಡಿಯಲು ಎದ್ದಾಗ ಒಮ್ಮೆ, ಎಲೆ ಅಡಿಕೆ ಹಾಕಿಕೊಳ್ಳುವಾಗ ಒಮ್ಮೆ. ಬೇರಿಗೆ ಮೆತ್ತಿದ ಮಣ್ಣಿನಲ್ಲಿ ಮರಳಿನ ಕಣ ಇರುತ್ತೆ, ಆ ಕಣ ಉಕ್ಕಿಗಿಂತ ಗಟ್ಟಿ. ಎಂಥ ಚಾಕುವೂ ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಒಳ್ಳೆಯ ಅಲಗು ಹತ್ತೇ ಎಳೆತಕ್ಕೆ ವಾಪಸ್ ಬರುತ್ತೆ. ಕೆಟ್ಟದ್ದು ಅರ್ಧ ಗಂಟೆ ತಿಂದರೂ ಬರುವುದಿಲ್ಲ. ಮಣ್ಣಿಲ್ಲದ ಕೆಲಸದಲ್ಲಿ, ಚೀಲದ ಹುರಿ, ಹತ್ತಿ ಹಗ್ಗ, ಅತ್ತಿಯ ಟೊಮೆಟೊ, ಅದೇ ಬಾಯಿ ಎಂಟು ದಿನ ನಡೆಯಿತು ಅಂತ ಮಾಮಾ ಆಮೇಲೆ ವಾಟ್ಸ್ಆ್ಯಪ್ ಮಾಡಿದರು. ಮೊನೆ ಮಾತ್ರ ಮಧ್ಯೆ ಒಮ್ಮೆ ಮಸೆಯಬೇಕಾಯಿತಂತೆ.

ಹೊಲದಿಂದ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಸಣ್ಣದಾದ ಅಲಗು ನೋಡಿ ಮೊದಲು ಸಿಟ್ಟು ಬಂತು. ಆಮೇಲೆ ಆ ಹಿರಿಯ ಅವ್ವ ಅದರಲ್ಲೇ ಉಳ್ಳಾಗಡ್ಡಿ ಕೊಯ್ಯುವುದನ್ನು ಸುಮಾರು ಹೊತ್ತು ನೋಡಿದಳು. “ಅಲ್ಲೇ ಇರಲಿ ಬಿಡು. ಅಣ್ಣಗ ಹೇಳು, ಮೋಟಾರಿಗೆ ಮಾತ್ರ ಹಿಡಸಬ್ಯಾಡ ಅಂತ.” ಮಾಮಾ ಕೇಳಿಸಿಕೊಂಡೂ ಕೇಳದವರ ಹಾಗೆ ಚೀಲ ಹೊಲಿಯುತ್ತಿದ್ದರು.

ನಿಮ್ಮ ಚಾಕುವಿಗೆ ಇಷ್ಟು ಮಾಡಿ

ನಿಮ್ಮ ಪಾಕೆಟ್ ಚಾಕು ಅಥವಾ ಅಡುಗೆ ಚಾಕು ಹರಿತ ಹಿಡಿಯುತ್ತಿಲ್ಲವಾ? ಹೊಸದನ್ನು ಆರ್ಡರ್ ಮಾಡುವ ಮುಂಚೆ ಈ ಸರದಿಯಲ್ಲಿ ನೋಡಿ.

ಒಂದು, ಮೊಬೈಲ್ ಟಾರ್ಚ್ ಹಿಡಿದು ಬಾಯಿ ನೋಡಿ. ಎಲ್ಲಿ ಹೊಳೆಯುತ್ತೆ ಅಂತ ಗುರುತು ಮಾಡಿಕೊಳ್ಳಿ.

ಎರಡು, ಬಾಯಿಯ ಪಕ್ಕದ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ, ಕಲ್ಲಿನ ಮೇಲೆ ಎರಡು ಸಲ ಎಳೆಯಿರಿ. ಬಣ್ಣ ಮೇಲ್ಗಡೆ ಮಾತ್ರ ಹೋಗಿದ್ದರೆ ನೀವು ಚಾಕುವನ್ನು ತೀರಾ ಮಲಗಿಸಿದ್ದೀರಿ. ಬಾಯಂಚಿನಲ್ಲಿ ಮಾತ್ರ ಹೋಗಿದ್ದರೆ ತೀರಾ ಎತ್ತಿದ್ದೀರಿ. ಪಾಕೆಟ್ ಚಾಕುವಿಗೆ ಒಂದೊಂದು ಕಡೆ 20 ಡಿಗ್ರಿ ಸರಿ. ಚೌಕದ ಕಾಗದದ ಮೂಲೆ 90 ಡಿಗ್ರಿ, ಒಮ್ಮೆ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಅದಕ್ಕಿಂತ ಒಂದು ಎಳೆ ಕಡಿಮೆ. ಅಲಗು 2 ಸೆಂ.ಮೀ. ಅಗಲ ಇದ್ದರೆ ಅದರ ಬೆನ್ನು ಕಲ್ಲಿನಿಂದ ಸುಮಾರು 7 ಮಿ.ಮೀ. ಮೇಲೆ ಇರಬೇಕು.

ಮೂರು, ಒಂದು ಕಡೆ ಮಸೆಯುತ್ತಾ ಹೋಗಿ, ಇನ್ನೊಂದು ಕಡೆಯಲ್ಲಿ ಉದ್ದಕ್ಕೂ ದಾರದಂಥ ಎಳೆ ಏಳುವ ತನಕ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಆಚೆಗೆ ಹಗುರಾಗಿ ಸವರಿದರೆ ಉಗುರಿಗೆ ಸಿಕ್ಕ ಹಾಗೆ ಆಗುತ್ತೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ಆಮೇಲೆ ತಿರುಗಿಸಿ ಇನ್ನೊಂದು ಕಡೆ.

ನಾಲ್ಕು, ಆ ಎಳೆಯನ್ನು ತೆಗೆಯದೆ ಕೆಲಸ ಮುಗಿಸಬೇಡಿ. ನುಣುಪು ಕಲ್ಲಿನ ಮೇಲೆ ಭಾರ ಹಾಕದೆ, ಕಡೆ ಬದಲಿಸುತ್ತಾ ಹತ್ತು ಎಳೆತ. ಆಮೇಲೆ ಹಳೆಯ ಚರ್ಮದ ಬೆಲ್ಟಿನ ಒಳಮುಖದ ಮೇಲೆ, ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಎಳೆಯಿರಿ. ನ್ಯೂಸ್ ಪೇಪರ್ ಹರಿಯದೆ ಕೊಯ್ದರೆ ಸರಿ ಇದೆ.

ಐದು, ಏನರ ಮೇಲೆ ಕೊಯ್ಯುತ್ತೀರಿ ನೋಡಿ. ಸ್ಟೀಲ್ ತಟ್ಟೆ, ಪಿಂಗಾಣಿ, ಗಾಜು, ಗ್ರಾನೈಟ್ ಕಟ್ಟೆ ನಾಲ್ಕೂ ಬಾಯಿಯ ವೈರಿಗಳು. ಮರದ ಹಲಗೆ ಸಾಕು.

ಆರು, ಕಾರ್ಬನ್ ಉಕ್ಕಾದರೆ ನಿಂಬೆ, ಮಾವು, ಉಳ್ಳಾಗಡ್ಡಿ ಕೊಯ್ದ ಕೂಡಲೇ ಒರೆಸಿ. ಹುಳಿ ಬಾಯಿಯನ್ನು ಕಣ್ಣಿಗೆ ಕಾಣದ ಹಾಗೆ ತಿನ್ನುತ್ತೆ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮಡಚಿಡಿ.

ಇಷ್ಟಾದರೂ ಒಂದೇ ಜಾಗ ಮತ್ತೆ ಮತ್ತೆ ಮೊಂಡಾದರೆ ಅರದಿಂದ ಹಗುರಾಗಿ ಪರೀಕ್ಷೆ ಮಾಡಿಸಿ. ಸಾಣೆಗೆ ಕೊಡಲೇಬೇಕಾದರೆ ಪಕ್ಕದಲ್ಲೇ ನಿಲ್ಲಿ. ನೀರಿನ ಡಬ್ಬಿ ಇದೆಯಾ, ಒಂದೊಂದು ಎಳೆತಕ್ಕೂ ಅದ್ದುತ್ತಾರಾ ನೋಡಿ. ಬರಿಗೈಯಲ್ಲಿ ಬಾಯಿಯ ಹತ್ತಿರ ಹಿಡಿಯಲು ಆಗದಷ್ಟು ಬಿಸಿಯಾದರೆ ನಿಲ್ಲಿಸಿ ಅನ್ನಿ.

ಹೋಗುವವರಿಗೆ

ಕುಪ್ಪೇಲೂರಿಗೇ ಹೋಗಬೇಕು ಅಂತಿಲ್ಲ. ನಿಮ್ಮ ಅಜ್ಜಿಯ ಊರಿನಲ್ಲೂ ಒಂದು ಕುಲುಮೆ ಇದ್ದಿರಬಹುದು, ಈಗಲೂ ವಾರಕ್ಕೊಮ್ಮೆ ಹೊತ್ತುತ್ತಿರಬಹುದು. ಮೊದಲೇ ಕೇಳಿಕೊಂಡು ಹೋಗಿ. ಸುಗ್ಗಿಯ ಬೆಳಗಿನ ಹೊತ್ತು ಹೋಗಿ ಫೋಟೊಗೆ ನಿಲ್ಲಿಸಬೇಡಿ, ಕುಡಗೋಲು ಹಿಡಿದು ಕಾಯುವವರ ದಿನದ ಕೂಲಿ ಅಲ್ಲಿ ನಿಂತಿರುತ್ತೆ. ಸಂಜೆ ಹೋದರೆ ಮಾತಿಗೂ ಸಿಗುತ್ತಾರೆ. ಕೇಳಿದಷ್ಟು ಕೂಲಿ ಕೊಡಿ.

ಚಾಕು ಒಯ್ಯುವಾಗ ಬಾಯಿಗೆ ದಪ್ಪ ಕಾಗದ ಸುತ್ತಿ. ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗುವವರು ಕ್ಯಾಬಿನ್ ಬ್ಯಾಗಿನಲ್ಲಿ ಇಡಬೇಡಿ, ಚೆಕ್-ಇನ್ ಲಗೇಜಿಗೆ ಹಾಕಿ. ಮನೆ, ಹೊಲದ ಕೆಲಸಕ್ಕಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಶಸ್ತ್ರಾಸ್ತ್ರ ನಿಯಮದಡಿ ಬರುತ್ತವೆ ಅನ್ನುವುದೂ ನೆನಪಿರಲಿ.

ವಾಪಸ್ ಬರುವಾಗ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗಿ ಒಂದು ಕಿಲೊ ಮೆಣಸಿನಕಾಯಿ ತನ್ನಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ, ಖಾರ ಕಡಿಮೆ ಬಣ್ಣ ಜಾಸ್ತಿ ಇರುವ ಬ್ಯಾಡಗಿ ಮೆಣಸು. ಅದರ ತೊಟ್ಟು ತೆಗೆಯಲು ಮಾತ್ರ ಚಾಕು ಬೇಡ. ಉಗುರೇ ಸಾಕು, ಆಮೇಲೆ ಕಣ್ಣು ಉಜ್ಜಿಕೊಳ್ಳಬೇಡಿ.